ಪೂಜೆಗಿಟ್ಟ ಪಾನಾ

“ಮಾವಾ, ಹತ್ತರ ಪಾನಾ ಕೊಡು! ಬ್ಯಾಟರಿ ಬಿಚ್ಚಬೇಕು!”

ಕೌಲ್ ಬಜಾರಿನ ಗ್ಯಾರೇಜು ಶೆಡ್ಡಿನಲ್ಲಿ ಗಾಳೆಪ್ಪ ಕಿರುಚಿದ. ಹಳೆಯ ಅಂಬಾಸಿಡರ್ ಕಾರಿನ ಬಾನೆಟ್ಟಿನ ಸಂದಿಯಿಂದ ಹೊಗೆ ಏಳುತ್ತಿತ್ತು. ಶೆಡ್ಡಿನ ಯಜಮಾನ, ಅವನ ಸೋದರಮಾವ ಮೈಲಾರಪ್ಪ ಮಣೆಗೆ ಅಡ್ಡವಾಗಿ ನಿಂತ. ಪಾನಾ, ಸ್ಕ್ರೂಡ್ರೈವರ್, ಇಕ್ಕಳ ಎಲ್ಲ ಆಯುಧಪೂಜೆಯ ಕುಂಕುಮ ಹಚ್ಚಿಸಿಕೊಂಡು ಆ ಮಣೆಯ ಮೇಲೆ ಮಲಗಿದ್ದವು.

“ಆರತಿ ಆಗಿಲ್ಲಲೇ. ಇವತ್ತು ಆಯುಧಕ್ಕೂ ಸೂಟಿ. ಮುಟ್ಟಂಗಿಲ್ಲ.”

“ಗಾಡಿ ಉರಿಯಾಕ ಹತ್ತೈತಿ!”

“ವೈರಿಂಗ್ ಮಾಡಿದಾಂವ ನೀನಲ್ಲೇನು?”

ಗಾಳೆಪ್ಪನಿಗೆ ಮೈಯೆಲ್ಲ ಉರಿಯಿತು. ಕುರುಗೋಡಿನ ಗಿರಾಕಿಯ ಈ ಗಾಡಿ, ಅವನು ಯಾರ ನೆರವೂ ಇಲ್ಲದೆ ಮುಗಿಸಿದ ಮೊದಲ ಕೆಲಸ. ಹಳೆ ವೈರನ್ನೆಲ್ಲ ಕಿತ್ತು ಹೊಸದು ಎಳೆದಿದ್ದ. ಒಂದೊಂದು ಲೈನಿಗೂ ಫ್ಯೂಸ್, ವೈರ್ ತಗಡು ದಾಟುವಲ್ಲೆಲ್ಲ ರಬ್ಬರ್. ಆದರೆ ಇವತ್ತು ಬೆಳಿಗ್ಗೆ ಮಾವ ಪೂಜೆಗೆ ಚೆಂದ ಕಾಣಲಿ ಎಂದು ಬಣ್ಣದ ಲೈಟಿನ ಸರವನ್ನು ನೇರ ಬ್ಯಾಟರಿಗೇ ಸಿಕ್ಕಿಸಿ, ಆ ವೈರಿನ ಮೇಲೆಯೇ ಬಾನೆಟ್ ಅದುಮಿ ಮುಚ್ಚಿದ್ದ.

“ಉರಿಯೋದು ನಿನ್ನ ಲೈಟಿನ ಸರ! ಫ್ಯೂಸ್ ಹಾಕು ಅಂತ ಬಡ್ಕೊಂಡ್ನಲ್ಲ?”

“ಒಂದು ದಿನದ ಲೈಟಿಗೆ ಯಾತರ ಫ್ಯೂಸೋ? ದೊಡ್ಡ ಎಂಜಿನಿಯರ್ ಬಂದಾನ!”

“ಕೊಡ್ರಿ ಅವಂಗ, ಏನಾಗ್ತೈತಿ?” ಎಂದಳು ಮೈಲಾರಪ್ಪನ ಹೆಂಡತಿ ಎಲ್ಲಮ್ಮ, ಆರತಿ ತಟ್ಟೆ ಹಿಡಿದುಕೊಂಡೇ.

“ನಿನಗ ತಿಳಿಯಂಗಿಲ್ಲ, ಸುಮ್ಕಿರು.”

ಗಾಳೆಪ್ಪ ಬಾನೆಟ್ ಎತ್ತಿದ. ಲೈಟಿನ ಸರದ ವೈರ್ ಕರಗಿ ತಗಡಿಗೆ ಅಂಟಿಕೊಂಡು ಹೊಗೆಯಾಡುತ್ತಲೇ ಇತ್ತು, ಪೆಟ್ರೋಲ್ ಪೈಪಿಗೆ ಒಂದು ಗೇಣು ದೂರದಲ್ಲಿ. ಅದನ್ನು ಬರಿಗೈಯಲ್ಲೇ ಹಿಡಿದು ಎಳೆದ. ಬಿಸಿ ಪ್ಲಾಸ್ಟಿಕ್ ಅಂಗೈಗೆ ಮೆತ್ತಿಕೊಂಡಿತು; ವೈರ್ ಮಾತ್ರ ಬರಲಿಲ್ಲ. “ಅಯ್ಯೋ ಯವ್ವಾ!” ಎಂದು ಕೂಗುತ್ತಲೇ ಓಡಿಬಂದು, ಮಾವನನ್ನು ಹೆಗಲಿನಿಂದ ನೂಕಿ, ಎಡಗೈಯಲ್ಲಿ ಪಾನಾ ಕಸಿದುಕೊಂಡ. ಮಣೆ ಮಗುಚಿತು. ಕಾರಿಗೆ ಮರಳಿ ಓಡಿ, ಬ್ಯಾಟರಿಯ ಅರ್ಥಿಂಗ್ ನಟ್ಟು ತಿರುವಿ ಕೇಬಲ್ ಎತ್ತಿ ಹಿಡಿದ.

ಹೊಗೆ ತೆಳುವಾಯಿತು, ನಿಂತಿತು. ಕಾರು ಉಳಿಯಿತು.

ಗಾಳೆಪ್ಪನ ಬಲ ಅಂಗೈ ಸುಲಿದು ಕೆಂಪಾಗಿತ್ತು. ಮೈಲಾರಪ್ಪ ಅರಿಶಿನದ ಬಟ್ಟಲು ಹಿಡಿದು ಹತ್ತಿರ ಬಂದ. ಎಷ್ಟು ಸಿಟ್ಟಿದ್ದರೂ ಮಾವನಲ್ಲವೇ ಎಂದು ಗಾಳೆಪ್ಪ ಸುಟ್ಟ ಕೈಯನ್ನು ಮುಂದೆ ಚಾಚಿದ.

ಮೈಲಾರಪ್ಪ ಅವನ ಇನ್ನೊಂದು ಕೈಯಿಂದ ಪಾನಾ ಬಿಡಿಸಿಕೊಂಡು, ಪಂಚೆಯ ಅಂಚಿನಿಂದ ಒರೆಸಿ, ಅದಕ್ಕೆ ಮೆಲ್ಲಗೆ ಅರಿಶಿನ ಹಚ್ಚತೊಡಗಿದ.