ಸೀನದ ಮರಿಗಳು

ಸುಮಲತಾ ಥರ್ಮಾಸ್ ಹಿಡಿದು ಅಂಗಳಕ್ಕೆ ಕಾಲಿಟ್ಟಾಗ ಪಕ್ಕೀರಪ್ಪ ಗುದ್ದಲಿಗೆ ಹತ್ತಿದ ಮಣ್ಣು ಕೆರೆಯುತ್ತಿದ್ದ. ಬೇಲಿಯ ಬುಡದಲ್ಲಿ ಆಗಷ್ಟೇ ಮುಚ್ಚಿದ ಗುಂಡಿ. ಇಟ್ಟಿಗಿ ಊರಿನ ಈ ಮನೆಯಲ್ಲಿ ನಾಲ್ಕು ದಿನದ ಹಿಂದೆ ನಲವತ್ತು ಕೋಳಿಮರಿಗಳಿಗೆ ಲಸಿಕೆ ಹಾಕಿ ಹೋದ ದನದ ಡಾಕ್ಟರು ಅವಳೇ. ಈಗ ಅಂಗಳದಲ್ಲಿ ಬೋರಲು ಹಾಕಿದ ಒಂದೇ ಬುಟ್ಟಿ, ಅದರಡಿ ಕೆಲವೇ ಮರಿಗಳು.

ಉಳಿದವು ಎಲ್ಲಿ ಎಂದು ಕೇಳಿದಳು. ಪಕ್ಕೀರಪ್ಪನ ಹೆಂಡತಿ ಮಾರೆಮ್ಮ ಸೆರಗಿನಿಂದ ಕೈ ಒರೆಸಿಕೊಂಡಳು.

"ಇಪ್ಪತ್ತೊಂಬತ್ತು ಮುಂಜಾನಿಂದ ಸೀನಾಕ ಹತ್ತಿದ್ವುರಿ. ಹಿಂದಿನ ಓಣ್ಯಾಗ ರೋಗ ಬಂದೈತಿ. ಇವಕ್ಕೂ ಹತ್ತಬಾರದು ಅಂತ ನಮ್ಮನ್ಯಾರು ಕುತ್ತಿಗಿ ಮುರುದು ಹೂತ್ರು. ನಿಮ್ಮ ಔಷಧ ಹನ್ನೊಂದಕ್ಕರ ಹಿಡದೈತಿ. ಒಂದೂ ಸೀನಿಲ್ಲ ನೋಡ್ರಿ."

ಸುಮಲತಾ ಅಲ್ಲೇ ಕುಕ್ಕರಿಸಿದಳು. ಅವತ್ತು ಪ್ರತಿ ಮರಿಯ ಒಂದು ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಇನ್ನೊಂದಕ್ಕೆ ಒಂದೇ ಹನಿ ಬಿಟ್ಟಿದ್ದಳು. ಆ ಹನಿಯಲ್ಲಿದ್ದದ್ದು ಅದೇ ರೋಗದ ಕಣ, ಸೊಂಟ ಮುರಿದು ಬಲ ಕುಂದಿಸಿದ್ದು. ಮೂಗಿನೊಳಗಿನ ಮೆತ್ತನೆಯ ಮಾಂಸ ಕಾವಲುಗಾರನಿದ್ದಂತೆ. ಬಂದ ಕಣವನ್ನು ಹಿಡಿದು ಒಳಕ್ಕೆಳೆದು, ಕಳ್ಳನ ಮುಖವನ್ನು ಇಡೀ ಮೈಗೆ ತೋರಿಸುತ್ತದೆ. ನಾಲ್ಕನೇ ದಿನದ ಸೀನೆಂದರೆ ಕಳ್ಳ ಸಿಕ್ಕಿಬಿದ್ದ ಸದ್ದು. ಇಷ್ಟನ್ನು ಅವತ್ತೇ ಹೇಳಬೇಕಿತ್ತು. ಹಡಗಲಿಯ ಬಸ್ಸು ಹಾರ್ನ್ ಹೊಡೆದಿತ್ತು, ಅವಳು ಓಡಿದ್ದಳು.

ಬುಟ್ಟಿ ಎತ್ತಿ ಒಂದು ಮರಿಯನ್ನು ಹಿಡಿದಳು. ಹೊಳ್ಳೆಗಳು ಮಿರಮಿರ ಹೊಳೆಯುತ್ತಿದ್ದವು. ಮೂಸಿದಳು.

"ಏನು ಹಚ್ಚೀರಿ ಇದಕ್ಕ?"

"ಬೇವಿನೆಣ್ಣಿರಿ. ಇವು ಕಡೀ ಕಾವಿನ ಸಣ್ಣವು. ಗಾಳಿ ತಾಕದಿರಲಿ ಅಂತ ಅವತ್ತು ನೀವು ಬರೂಕಿಂತ ಮೊದ್ಲ ಕೂಸಿಗೆ ಹಚ್ಚಿದಂಗ ಹಚ್ಚಿದ್ನಿ, ಆಮ್ಯಾಲೂ ದಿನಾ ಹಚ್ಚೇನಿ. ಒಳಗ ಬ್ಯಾರೇನ ಇಟ್ಟಿದ್ನಿ."

ಎಣ್ಣೆಯ ಮೇಲೆ ಹನಿ ಜಾರಿಹೋಗಿತ್ತು. ಕಾವಲುಗಾರ ಕಳ್ಳನನ್ನು ಕಂಡೇ ಇರಲಿಲ್ಲ. ರೋಗವೋ, ಒಂದೇ ಗೋಡೆಯಾಚೆ.

"ಯಾಕ ಸಪ್ಪಗಾದ್ರಿ ಡಾಕ್ಟ್ರಮ್ಮ?" ಪಕ್ಕೀರಪ್ಪ ನಕ್ಕ. "ಈ ಹನ್ನೊಂದು ದೊಡ್ಡವಾಗಲಿ, ನಿಮ್ಮ ಹೆಸರಿಲೇ ಒಂದು ಹುಂಜ ಕೊಯ್ಯೂಣಂತ."

ಥರ್ಮಾಸಿನಲ್ಲಿ ಲಸಿಕೆಯ ಒಂದು ಸೀಸೆ ಇತ್ತು, ಕೊನೆಯ ಚೂರು ಐಸು ಕರಗುತ್ತಿತ್ತು. ಏನೂ ಹೇಳದೆ ಹನಿ ಹಾಕಿ ಹೋದರೆ ನಾಲ್ಕು ದಿನಕ್ಕೆ ಇವೂ ಸೀನುತ್ತವೆ, ಇವರು ಇನ್ನೊಂದು ಗುಂಡಿ ತೋಡುತ್ತಾರೆ. ಹೇಳಿದರೆ ಮುಚ್ಚಿದ ಗುಂಡಿ ಬಾಯಿ ಬಿಡುತ್ತದೆ.

ಇನ್ನೊಮ್ಮೆ ಹನಿ ಹಾಕಬೇಕು ಎಂದಾಗ ಮಾರೆಮ್ಮ ಒಂದೊಂದೇ ಮರಿಯ ಮೂಗಿನ ಎಣ್ಣೆ ಒರೆಸಿ ಹಿಡಿದುಕೊಟ್ಟಳು. ಸುಮಲತಾ ಹೊಳ್ಳೆ ಮುಚ್ಚಿ, ಹನಿ ಬಿಟ್ಟು, ಅದು ಒಳಗೆ ಹೋಗುವ ತನಕ ಕಾದಳು. ಹನ್ನೊಂದೂ ಮುಗಿದವು. ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಏಳಲಿಲ್ಲ.

"ಮಾರೆಮ್ಮ, ನಾಲ್ಕು ದಿನಕ್ಕ ಇವೂ ಸೀನ್ತಾವು. ಏನೂ ಮಾಡಬ್ಯಾಡ್ರಿ. ಸೀನಿದ್ದೇ ಉಳಿಯೂದು."

ಮಾರೆಮ್ಮ ಆಗಲಿ ಎಂಬಂತೆ ತಲೆಯಾಡಿಸಿದಳು. ಆಡಿಸುತ್ತಾ ಆಡಿಸುತ್ತಾ ತಲೆ ನಿಂತಿತು. ಗುದ್ದಲಿಯನ್ನು ಗೋಡೆಗೆ ಒರಗಿಸಲು ಹೋದ ಪಕ್ಕೀರಪ್ಪ, ಒರಗಿಸದೆ, ಹಾಗೆಯೇ ಹಿಡಿದು ನಿಂತ.