ಮುಳ್ಳೆದ್ದ ಫುಟ್‌ಪಾತಿನಲ್ಲಿ ಬಳೆ ವ್ಯಾಪಾರ

ಆ ಊರಿನ ಫುಟ್‌ಪಾತಿಗೆ ಹೊದಿಸಿದ್ದ ರಬ್ಬರ್ ಹಾಸಿನಡಿ ಕಲ್ಲಿರಲಿಲ್ಲ, ಅಯಸ್ಕಾಂತದ ಸೆಳೆತಕ್ಕೆ ಸೆಟೆದೇಳುವ ಕಪ್ಪು ಕಾಂತದ್ರವವಿತ್ತು. ಯಾರಾದರೂ ಕೂತು ವ್ಯಾಪಾರಕ್ಕಿಳಿದರೆ ಇನ್‌ಸ್ಪೆಕ್ಟರ್ ವೀರಭದ್ರಪ್ಪನವರು ಕಂಬದಲ್ಲಿದ್ದ, ನೆಲದಡಿಯ ಅಯಸ್ಕಾಂತದ ರೆಗ್ಯುಲೇಟರ್ ತಿರುಗಿಸುವರು. ಅರ್ಧದವರೆಗೂ ನೆಲ ಸಪಾಟಾಗಿಯೇ ಇರುವುದು. ಇನ್ನೊಂದು ಚೂರು ತಿರುಗಿಸಿದರೆ ಸಾಕು, ಗೇಣುದ್ದದ ಮುಳ್ಳುಗಳು ಸಾಲುಸಾಲಾಗಿ ಒಮ್ಮೆಲೇ ಎದ್ದುಬಿಡುವವು.

ಹಬ್ಬದ ಹಿಂದಿನ ದಿನ ಸಣ್ಣತಾಯಿ ಬಳೆಯ ಗಂಟು ಬಿಚ್ಚಿ ಕೂರುತ್ತಿದ್ದಂತೆ ಅವರು ಬಂದರು.

"ಏಳಮ್ಮ ಮೇಲೆ."

"ಸಾರ್, ಈ ಸಣ್ಣತಾಯಿ ಕೂತ್ರೆ ಜಾಗಾನೇ ಎದ್ದು ಸಲಾಮ್ ಹೊಡಿಯುತ್ತೆ."

"ಹೊಡಿಸ್ತೀನಿ ಇರು," ಎಂದು ಅವರು ತಿರುಗಿಸಿದರು. ಸಣ್ಣತಾಯಿ ಗಂಟು ಅವುಚಿಕೊಂಡು ನೆಗೆದಳು.

ಪಕ್ಕದ ಹೂವಿನಜ್ಜಿ ಬುಟ್ಟಿ ಎತ್ತಿಕೊಂಡು, "ನಡಿಯೇ ಮಗ, ನಮ್ ಹಬ್ಬ ಮುಗೀತು," ಎಂದಳು.

ಇವತ್ತು ಮಾರದಿದ್ದರೆ ಆಸೆಪಟ್ಟು ತಂದ ಬಳೆಯೆಲ್ಲ ಗಂಟಿನಲ್ಲೇ ಉಳಿಯುತ್ತಿತ್ತು. "ಇಂಟರ್‌ವಲ್‌ಗೇ ಎದ್ದೋಗ್ತಾರಾ ಅಜ್ಜಿ?" ಎಂದ ಸಣ್ಣತಾಯಿ, ಎದುರಿಗಿದ್ದ ಮುಳ್ಳಿಗೆ ಹಸಿರು ಬಳೆ ತೊಡಿಸಿದಳು. ಅದರ ಪಕ್ಕದ್ದಕ್ಕೆ ಕೆಂಪು, ಆಮೇಲೆ ಚುಕ್ಕಿಬಳೆ. ನೋಡನೋಡುತ್ತ ಫುಟ್‌ಪಾತು ಮದುಮಗಳ ಕೈಯಾಯಿತು. ದಾರಿಹೋಕ ಹೆಂಗಸರು ಮುತ್ತಿಕೊಂಡರು.

ವೀರಭದ್ರಪ್ಪನವರು ಕೆಂಪಾಗಿ ರೆಗ್ಯುಲೇಟರನ್ನು ಪೂರಾ ಹಿಂದಕ್ಕೆ ತಿರುಗಿಸಿದರು. ಮುಳ್ಳುಗಳೆಲ್ಲ ಕರಗಿ ಕೂತವು. ಬಳೆಗಳು ಬಣ್ಣಬಣ್ಣವಾಗಿ ಇದ್ದಲ್ಲೇ ನೆಲಕ್ಕಿಳಿದವು. ಅವುಗಳ ನಡುವೆ ಸಣ್ಣತಾಯಿ ಚಕ್ಕಂಬಕ್ಕಳ ಹಾಕಿ ಕೂತಳು.

ಅವರ ಕೈ ಮತ್ತೆ ಕಂಬದ ಕಡೆ ಹೋಗಿ ಅಲ್ಲೇ ನಿಂತಿತು. ಸಣ್ಣತಾಯಿ ಒಬ್ಬಾಕೆಯ ಕೈಗೆ ಬಳೆ ಏರಿಸುತ್ತಲೇ ಕೇಳಿದಳು:

"ಬೇಗ ಹೇಳಿ ಸಾರ್. ಕೂತ್ಕೊಂಡು ಮಾರ್ಲಾ, ನಿಂತ್ಕೊಂಡು ಮಾರ್ಲಾ?"