ಕಲೆ ಎಷ್ಟು ದಿನದ್ದು?

“ಬಿಳಿ ಸೆರಗು ಹೋಗುತ್ತಾ?” ಆಸ್ಪತ್ರೆಯ ನರ್ಸಮ್ಮ ದನಿ ತಗ್ಗಿಸಿ ಕೇಳಿದರು.

ಚೀಟಿ ಕಕ್ಕಾಬಿಕ್ಕಿಯಾದಳು. ಲಾಂಡ್ರಿಯ ಕೌಂಟರಿನಲ್ಲಿ ಕೂತು ಬಟ್ಟೆಗೊಂದು ಚೀಟಿ ಬರೆಯುವ ಹತ್ತೊಂಬತ್ತರ ಹುಡುಗಿ. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಚೀಟಿಯೇ. ಎಲ್ಲಿ ಕೆಲಸ ಎಂದು ನರ್ಸಮ್ಮ ಈಗಷ್ಟೇ ಕೇಳಿದ್ದರು, ಲಾಂಡ್ರಿ ಎಂದು ಇವಳು ಹೇಳಿದ್ದಳು. ಅದರ ಬೆನ್ನಿಗೇ ಸೆರಗಿನ ಮಾತು. ನೋಡಿದರೆ ನರ್ಸಮ್ಮನ ಬಿಳಿ ಸೀರೆಯ ಸೆರಗಿನ ಮೇಲೆ ಹೆಬ್ಬೆಟ್ಟಿನಗಲ ಶಾಯಿ ಕಲೆ. ಓಹೋ, ಪಾಪ, ಅದಕ್ಕೇ ಕೇಳುತ್ತಿದ್ದಾರೆ.

“ಹೋಗಲ್ಲ ಮೇಡಂ. ಹಳೇದಾದ್ರೆ ಕಷ್ಟ.”

ನರ್ಸಮ್ಮನ ಕಿವಿಗೆ ಬಿದ್ದದ್ದು ಮೊದಲ ಮಾತು ಮಾತ್ರ. ಕಾಗದದಲ್ಲಿ ‘ಇಲ್ಲ’ ಎಂಬುದಕ್ಕೆ ಗುರುತು ಹಾಕಿದರು. “ಹೊಟ್ಟೆನೋವಿಗೆ ಮಾತ್ರೆ ಕೊಟ್ಟಿದೀನಿ. ಬೇರೆ ಏನಾದ್ರೂ ಇದ್ಯಾ?”

ಇತ್ತು. ಹೊಟ್ಟೆನೋವು ಬರೀ ನೆಪ. ಎರಡು ತಿಂಗಳಿಂದ ಒಳಬಟ್ಟೆಯಲ್ಲಿ ಬಿಳಿ ಕಲೆ, ಕೂತಲ್ಲಿ ಕೂರಲಾಗದ ತುರಿಕೆ. ಇಂಥದ್ದು ಬಂದವರಿಗೆ ಮಕ್ಕಳೇ ಆಗಲ್ಲವಂತೆ ಎಂದು ಇಸ್ತ್ರಿಯ ಅಕ್ಕ ಯಾರದೋ ಕಥೆ ಹೇಳಿದ ದಿನದಿಂದ ಅನ್ನ ಗಂಟಲಲ್ಲಿ ಇಳಿದಿಲ್ಲ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೇ ಬಂದಿದ್ದಳು. ಆದರೆ ಬಾಗಿಲು ಹಾರುಹೊಡೆದಿತ್ತು, ಹೊರಗಿನ ಬೆಂಚಿನಲ್ಲಿ ಅತ್ತಿಗೆ. ಅವಳ ಕಿವಿಗೆ ಬಿದ್ದರೆ ಸಂಜೆಯೊಳಗೆ ಅಣ್ಣನವರೆಗೂ ಟಾಂ ಟಾಂ. ಮದುವೆಯಾಗದ ಹುಡುಗಿಗೆ ಇದು ಹೇಗೆ ಬಂತು ಅಂತ ಅಣ್ಣ ಕೇಳಿದರೆ ಏನು ಹೇಳುವುದು? ಹೇಗೆ ಬಂತೋ ಅವಳಿಗೂ ಗೊತ್ತಿಲ್ಲ. ಇದಕ್ಕೊಂದು ಹೆಸರಿದೆಯೋ ಇಲ್ಲವೋ, ಅದೂ ಗೊತ್ತಿಲ್ಲ.

“ಏನಿಲ್ಲ ಮೇಡಂ,” ಎಂದು ಎದ್ದು ಬಂದಳು.

“ಏನಂದ್ರು?” ಅತ್ತಿಗೆ ಕೇಳಿದಳು.

“ಮಾತ್ರೆ ಕೊಟ್ರು.”

“ಅಷ್ಟೇ ತಾನೆ? ಇದಕ್ಕೆ ಅರ್ಧ ದಿನ ಹಾಳಾಯ್ತು. ನಡಿ ನಡಿ.”

ಚೀಟಿ ನಾಲ್ಕು ಹೆಜ್ಜೆ ನಡೆದು ನಿಂತಳು. ಎಂಥ ಕಲೆ, ಎಷ್ಟು ದಿನದ್ದು ಅಂತ ಬರೆಸದೆ ಹೋದರೆ ಆಮೇಲೆ ನಮ್ಮನ್ನು ಬೈಬೇಡಿ ಎಂದು ಗಿರಾಕಿಗಳಿಗೆ ದಿನಕ್ಕೆ ಐವತ್ತು ಸಲ ಹೇಳುವವಳು ತಾನೇ. ಬ್ಯಾಗಿನಲ್ಲಿ ಲಾಂಡ್ರಿಯ ಚೀಟಿ ಪುಸ್ತಕವಿತ್ತು.

“ಮಾತ್ರೆ ಊಟಕ್ಕೆ ಮುಂಚೆನೋ ಆಮೇಲೋ ಕೇಳ್ಕೊಂಡು ಬಂದೆ ಅತ್ತಿಗೆ,” ಎಂದು ತಿರುಗಿದಳು. ಗೋಡೆಯ ಮರೆಯಲ್ಲಿ ಪುಸ್ತಕ ಒತ್ತಿ ಹಿಡಿದು, ಅಚ್ಚಾದ ಪದಗಳ ಮುಂದೆ ಒಂದೊಂದಾಗಿ ತುಂಬಿದಳು. ಬಟ್ಟೆ: ಒಳಬಟ್ಟೆ. ಕಲೆ: ಬಿಳಿ. ಎಷ್ಟು ದಿನದ್ದು: ಎರಡು ತಿಂಗಳು. ಕೆಳಗೆ ಉಳಿದ ಚೂರು ಜಾಗದಲ್ಲಿ ‘ತುರಿಕೆ, ಮಕ್ಕಳಾಗುತ್ತಾ’ ಎಂದು ಗೀಚಿ, ಹಾಳೆ ಹರಿದು, ಒಳಗೆ ಹೋಗಿ ನರ್ಸಮ್ಮನ ಮೇಜಿನ ಮೇಲಿಟ್ಟಳು.

ನರ್ಸಮ್ಮ ಎರಡು ಸಲ ಓದಿದರು. ಎದ್ದು ಹೋಗಿ ಬಾಗಿಲು ಹಾಕಿ ಬಂದರು.

“ಹೆದರಬೇಡ. ಎಷ್ಟೋ ಜನಕ್ಕೆ ಆಗುತ್ತೆ, ಔಷಧಿ ಇದೆ, ವಾಸಿಯಾಗುತ್ತೆ. ಮಕ್ಕಳೂ ಆಗ್ತವೆ.” ಆಮೇಲೆ ಅವಳನ್ನೇ ನೋಡುತ್ತ, “ಅಲ್ಲ ಕಣಮ್ಮ, ಬಿಳಿ ಸೆರಗು ಅಂತ ಇದನ್ನೇ ತಾನೆ ನಾನು ಆಗ್ಲೇ ಕೇಳಿದ್ದು? ಇಲ್ಲ ಅಂದ್ಯಲ್ಲ?”

ಚೀಟಿ ನರ್ಸಮ್ಮನ ಸೆರಗನ್ನೂ ಮುಖವನ್ನೂ ಬದಲಿಸಿ ಬದಲಿಸಿ ನೋಡಿದಳು.

“ಇದನ್ನ ಯಾವಾಗ ಕೇಳಿದ್ರಿ ಮೇಡಂ? ನೀವು ನಿಮ್ಮ ಸೀರೆ ವಿಷಯ ಕೇಳಿದ್ರಿ.”